ಕಿಲ್ಟ್ ಹಾಕೋಕೆ ಸ್ಕಾಟ್ಲೆಂಡಿನವನೇ ಆಗಿರಬೇಕಾ?

ಪ್ರಶ್ನೆ: ನನಗೆ 42 ವರ್ಷ. ದಿನವಿಡೀ ಕೂತು ಮಾಡುವ ಕೆಲಸ. ಸಂಜೆ ಜೀನ್ಸ್ ಬಿಚ್ಚಿದರೆ ಸೊಂಟದ ಸುತ್ತ ಬರೆ ಎಳೆದ ಹಾಗೆ ಕೆಂಪು ಗುರುತು. ಕಿಲ್ಟ್, ಅಂದರೆ ಸ್ಕಾಟ್ಲೆಂಡಿನ ಗಂಡಸರು ಸೊಂಟಕ್ಕೆ ಸುತ್ತಿಕೊಳ್ಳುವ, ಮಂಡಿವರೆಗಿನ ನೆರಿಗೆಯ ಬಟ್ಟೆ. ಜೇಬಿರುವ ಈಗಿನ ಕಿಲ್ಟ್ ಫೋಟೋದಲ್ಲಿ ನೋಡಿದೆ, ಮನಸ್ಸಿಗೆ ಹಿಡಿಸಿತು. ಆದರೆ ಸ್ಕಾಟ್ಲೆಂಡಿಗೂ ನನಗೂ ಸಂಬಂಧವೇ ಇಲ್ಲ. ಹೆಂಡತಿ 'ಅದು ಸ್ಕರ್ಟ್ ಅಲ್ವಾ?' ಅನ್ನುತ್ತಾಳೆ. ನನ್ನಂಥವನು ಹಾಕಿಕೊಳ್ಳಬಹುದೇ?

ಉತ್ತರ: ಧಾರಾಳವಾಗಿ ಹಾಕಿಕೊಳ್ಳಿ. ಆರು ವರ್ಷದಿಂದ ಮನೆಯಲ್ಲಿ, ರಜೆಯಲ್ಲಿ, ದೂರದ ಪ್ರಯಾಣದಲ್ಲಿ ನಾನು ಹಾಕುವುದು ಅದನ್ನೇ.

ಸಂಬಂಧದ ಮಾತು ಮೊದಲು ಮುಗಿಸೋಣ. ಸ್ಕಾಟ್ಲೆಂಡಿನ ಗುಡ್ಡಗಾಡಿನ ಜನ ಮೈಗೆಲ್ಲ ಸುತ್ತಿಕೊಳ್ಳುತ್ತಿದ್ದ ಉದ್ದನೆಯ ಉಣ್ಣೆ ಬಟ್ಟೆಯ ಕೆಳಭಾಗ ಮಾತ್ರ ಉಳಿದು, 18ನೇ ಶತಮಾನದಲ್ಲಿ ಕಿಲ್ಟ್ ಈಗಿನ ಆಕಾರಕ್ಕೆ ಬಂತು. 1746ರ ಕಾನೂನು ಅದನ್ನು ನಿಷೇಧಿಸಿತು, 1782ರಲ್ಲಿ ಆ ನಿಷೇಧ ಹೋಯಿತು. 1822ರಲ್ಲಿ ಬ್ರಿಟನ್ನಿನ ದೊರೆ ನಾಲ್ಕನೇ ಜಾರ್ಜ್ ಸ್ಕಾಟ್ಲೆಂಡಿನ ಎಡಿನ್‌ಬರೋಗೆ ಬಂದಾಗ ತಾನೇ ಕಿಲ್ಟ್ ತೊಟ್ಟ, ಅಲ್ಲಿಂದ ಅದಕ್ಕೆ ಸಮಾರಂಭದ ಗತ್ತು ಬಂತು. ಅಂದರೆ ಮೂಲದಲ್ಲಿ ಅದು ದಿನಾ ಉಡುವ ಬಟ್ಟೆಯೇ. 2000ದಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಶುರುವಾದ ಯುಟಿಲಿಕಿಲ್ಟ್ಸ್ ಥರದ ಕಂಪನಿಗಳು ಗಟ್ಟಿ ಹತ್ತಿ ಬಟ್ಟೆಯಲ್ಲಿ, ದೊಡ್ಡ ಜೇಬು ಇಟ್ಟು ಹೊಲಿದು, ಅದನ್ನು ಮತ್ತೆ ದಿನಬಳಕೆಗೆ ತಂದವು. ಚೌಕಳಿ ಬಟ್ಟೆಯಲ್ಲಿ ಕೆಲವು ವಿನ್ಯಾಸಗಳು ಇಂಥ ಮನೆತನದ್ದು ಅಂತ ಇವೆ. ಅದು ಮುಜುಗರ ಅನ್ನಿಸಿದರೆ ಬೂದು, ಕಪ್ಪು, ಖಾಕಿಯಂಥ ಒಂದೇ ಬಣ್ಣದ್ದು ತಗೊಳ್ಳಿ, ತಕರಾರೇ ಇಲ್ಲ.

ಇನ್ನು ಸ್ಕರ್ಟ್ ಅನ್ನೋ ಮಾತು. ಹೌದು, ಎರಡು ಕಾಲಿಗೂ ಸೇರಿ ಒಂದೇ ಸುತ್ತು, ಆ ಲೆಕ್ಕದಲ್ಲಿ ಸ್ಕರ್ಟೇ. ಅದರಲ್ಲಿ ನಾಚಿಕೆ ಪಡುವಂಥದ್ದು ಏನಿದೆ? ಆದರೆ ಹೊಲಿಗೆ ಬೇರೆ. ಮುಂದೆ ಎರಡು ಚಪ್ಪಟೆ ಪದರ, ಒಂದರ ಮೇಲೊಂದು. ನೆರಿಗೆಯೆಲ್ಲ ಹಿಂದೆ. ಮೇಲಿನ ಪದರ ನಿಮ್ಮ ಬಲ ಸೊಂಟದ ಮೇಲೆ ಬಕಲ್ಲಿಗೋ ಗುಂಡಿಗೋ ಸಿಗುತ್ತದೆ. ಹೆಜ್ಜೆ ಹಾಕಿದಾಗ ಹಿಂದಿನ ನೆರಿಗೆ ಬಿಚ್ಚಿಕೊಂಡು ಜಾಗ ಕೊಡುತ್ತದೆ, ನಿಂತರೆ ಮತ್ತೆ ಮಡಚಿಕೊಳ್ಳುತ್ತದೆ. ಮೊಣಕಾಲಿಗೆ, ತೊಡೆಗೆ ಏನೂ ತಡೆಯುವುದಿಲ್ಲ, ಗಾಳಿ ಆಡುತ್ತದೆ, ಬೆವರಿದರೂ ಬಟ್ಟೆ ಕಾಲಿಗೆ ಅಂಟಿಕೊಳ್ಳುವುದಿಲ್ಲ. ನಿಮ್ಮ ಕೆಂಪು ಗುರುತಿಗೆ ಇದಕ್ಕಿಂತ ಒಳ್ಳೆ ಪರಿಹಾರ ನನಗಂತೂ ಸಿಕ್ಕಿಲ್ಲ.

ಆದರೆ ಅಳತೆ ತಪ್ಪಿದರೆ ಈ ಸುಖ ಒಂದೂ ಸಿಗುವುದಿಲ್ಲ. ನನ್ನ ಮೊದಲ ಕಿಲ್ಟ್ ಹಾಗೇ ಹಾಳಾಯಿತು, ಜೀನ್ಸಿನ ಪಟ್ಟಿಯ ಮೇಲಿದ್ದ ನಂಬರನ್ನೇ ನಂಬಿ ತರಿಸಿದ್ದೆ. ಆ ನಂಬರಿಗೂ ನಿಮ್ಮ ನಿಜವಾದ ಸೊಂಟಕ್ಕೂ ಎಷ್ಟೋ ಸಲ ಹೊಂದುವುದೇ ಇಲ್ಲ. ಹಳೇ ಮಾದರಿಯದು ಹೊಕ್ಕುಳಿನ ಮಟ್ಟದಲ್ಲಿ ಕೂರುತ್ತದೆ, ಈಗಿನವು ಸಾಮಾನ್ಯವಾಗಿ ಅದಕ್ಕಿಂತ ಕೆಳಗೆ. ಎಲ್ಲಿ ಕೂರುತ್ತದೋ ಅಲ್ಲೇ ಟೇಪ್ ಸುತ್ತಿ, ಹೊಟ್ಟೆ ಒಳಗೆಳೆಯದೆ ಅಳೆಯಿರಿ. ಪೃಷ್ಠದ ಸುತ್ತಳತೆಯೂ ಬೇಕು. ಉದ್ದ, ಕಿಲ್ಟ್ ಸೊಂಟದಲ್ಲಿ ಕೂರುವ ಜಾಗದಿಂದ ಮಂಡಿಚಿಪ್ಪಿನ ನಡುಮಧ್ಯಕ್ಕೆ. ನೀವೇ ಬಗ್ಗಿ ಅಳೆದರೆ ಟೇಪ್ ಜಾರುತ್ತದೆ, ಹೆಂಡತಿಯ ಕೈಗೆ ಕೊಡಿ. ಅವರೂ ಕೈ ಹಾಕಿದರೆ ಬಟ್ಟೆ ಅವರಿಗೂ ಒಂಚೂರು ಹತ್ತಿರವಾಗುತ್ತದೆ.

ಕೂರುವುದನ್ನೂ ಕಲಿಯಬೇಕು. ಸುಮ್ನೆ ಧೊಪ್ಪನೆ ಕೂತರೆ ನೆರಿಗೆ ಅಡ್ಡಾದಿಡ್ಡಿ ಮಡಚಿ, ಅರ್ಧ ಗಂಟೆಯಲ್ಲಿ ತೊಡೆ ಹಿಂದೆ ಹಗ್ಗ ಒತ್ತಿದ ಹಾಗೆ ಗೀರು ಬೀಳುತ್ತದೆ. ಕೂರುವ ಮುಂಚೆ ಅಂಗೈಯನ್ನು ಹಿಂದೆ ಕೊಟ್ಟು, ಸೊಂಟದಿಂದ ಕೆಳಕ್ಕೆ ನೆರಿಗೆ ಸವರುತ್ತಾ ಕೂರಿ. ಕೂತ ಮೇಲೆ ಮುಂದಿನ ಪದರವನ್ನು ಎರಡು ಮಂಡಿಯ ನಡುವೆ ಇಳಿಬಿಡಿ. ಎರಡು ವಾರದಲ್ಲಿ ಕೈ ತಾನಾಗಿ ಹೋಗುತ್ತದೆ. ಮೊದಮೊದಲು ಹೊರಗೆ ಹೋಗಲು ಸಂಕೋಚ ಆದರೆ ಮನೆಯಲ್ಲೇ ಶುರು ಮಾಡಿ, ಮೇಲೆ ಮಾಮೂಲಿ ಟೀ ಶರ್ಟ್, ಕಾಲಿಗೆ ಬೂಟು. ಪೂರ್ತಿ ಸ್ಕಾಟಿಷ್ ವೇಷ ಹಾಕಲು ಹೋಗಬೇಡಿ.

ಪ್ರಶ್ನೆ: ಕಿಲ್ಟ್ ಒಳಗೆ ಏನೂ ಹಾಕಬಾರದು ಅಂತಾರೆ, ನಿಜವೇ?

ಉತ್ತರ: ಅಂಥ ನಿಯಮವೇನೂ ಇಲ್ಲ, ಹಾಕಿಕೊಳ್ಳಿ. ಗಾಳಿ ಇದೆ, ಮೆಟ್ಟಿಲಿದೆ, ಎದುರಿಗೆ ಮಕ್ಕಳಿರುತ್ತಾರೆ. ತುಂಬಾ ನಡೆದರೆ ತೊಡೆಗೆ ತೊಡೆ ಉಜ್ಜಿ ಉರಿಯುತ್ತದೆ, ಅದಕ್ಕೆ ತೊಡೆ ಮುಚ್ಚುವಷ್ಟು ಉದ್ದದ ಚಡ್ಡಿಯೇ ಸರಿ. ಇನ್ನೊಬ್ಬರ ಕಿಲ್ಟನ್ನು ಎರವಲು ತಂದಿದ್ದರಂತೂ ಕೇಳುವುದೇ ಬೇಡ.

ಪ್ರಶ್ನೆ: ಒಗೆದರೆ ನೆರಿಗೆ ಹೋಗುತ್ತದೆಯೇ? ಎಷ್ಟು ಭಾರ ಇರುತ್ತದೆ?

ಉತ್ತರ: ಹಳೇ ಮಾದರಿಯ ಪೂರ್ತಿ ಉಣ್ಣೆಯದಕ್ಕೆ 8 ಗಜ, ಅಂದರೆ 7 ಮೀಟರಿಗೂ ಜಾಸ್ತಿ ಬಟ್ಟೆ ಹಿಡಿಯುತ್ತದೆ, ಭಾರವೇ. ಅದನ್ನು ಡ್ರೈಕ್ಲೀನ್‌ಗೆ ಕೊಡಿ. ಹತ್ತಿಯದನ್ನು ಬಕಲ್ ಹಾಕಿ, ಒಳಮಗ್ಗುಲು ಹೊರಗೆ ಮಾಡಿ, ತಣ್ಣೀರಲ್ಲಿ ಒಗೆಯಿರಿ. ಹಿಂಡಬೇಡಿ. ಒದ್ದೆ ಇರುವಾಗಲೇ ಒಂದೊಂದು ನೆರಿಗೆಯನ್ನೂ ಬೆರಳಲ್ಲಿ ತೀಡಿ, ಅಂಚಿಗೆ ಬಟ್ಟೆ ಕ್ಲಿಪ್ ಸಿಕ್ಕಿಸಿ, ಸೊಂಟದ ಪಟ್ಟಿಯಿಂದ ನೇತುಹಾಕಿ. ಒಣಗಿದ ಮೇಲೆ ಇಸ್ತ್ರಿಯ ಕೆಲಸ ಅರ್ಧಕ್ಕರ್ಧ ಕಡಿಮೆ.