ವಿಡಿಯೊ ಗೇಮಿನ ಬಾಹ್ಯಾಕಾಶ ನೌಕೆ ಥ್ರಾಟಲ್ ಬಿಟ್ಟೊಡನೆ ನಿಲ್ಲುವುದೇಕೆ, ಬಾಹ್ಯಾಕಾಶದಲ್ಲಿ ಗಾಳಿಯೇ ಇಲ್ಲವಲ್ಲ?
ಆಟಕ್ಕೆ ಮಜಾ ಬರಲೆಂದು ಬೇಕಂತಲೇ ಹಾಗೆ ಮಾಡಿರುತ್ತಾರೆ. ನಿಜದಲ್ಲಿ ಎಂಜಿನ್ ಆರಿಸಿದರೂ ನೌಕೆ ಅದೇ ವೇಗದಲ್ಲಿ ಸಾಗುತ್ತದೆ. ಮೂತಿ ತಿರುಗಿಸಿದರೆ ಮೂತಿಯಷ್ಟೇ ತಿರುಗುತ್ತದೆ, ದಾರಿ ಬದಲಾಗದು. ಚಾರ್ಮಾಡಿ ಘಾಟಿಯಲ್ಲಿ ಬೈಕ್ ತಿರುಗುವುದು ಟೈರು ರಸ್ತೆಯನ್ನು ಕಚ್ಚಿ ಹಿಡಿಯುವುದರಿಂದ. ಬಾಹ್ಯಾಕಾಶದಲ್ಲಿ ಹಿಡಿಯಲು ಏನಿದೆ?

1993ರ ‘ಫ್ರಾಂಟಿಯರ್: ಎಲೀಟ್ 2’ ಗೇಮ್ ಈ ನಿಯಮವನ್ನೇ ಪಾಲಿಸಿತು. ನೌಕೆಗಳು ಭರ್ರನೆ ಎದುರುಬದುರು ದಾಟುತ್ತಾ ಕ್ಷಣಮಾತ್ರ ಲೇಸರ್ ಹೊಡೆದು, ಮತ್ತೆ ವೇಗ ತಗ್ಗಿಸಿ ವಾಪಸ್ ಬರುವುದೇ ಕಾದಾಟವಾಯಿತು. ಬೆನ್ನಟ್ಟುವ ಮಾತೇ ಇಲ್ಲ! ಅದಕ್ಕೇ ಹೆಚ್ಚಿನ ಗೇಮ್‌ಗಳು ವೇಗಕ್ಕೆ ಮಿತಿ ಹಾಕಿ, ವಿಮಾನದಂತೆ ಹಾರಿಸುತ್ತವೆ.

2014ರ ‘ಎಲೀಟ್ ಡೇಂಜರಸ್‌’ನಲ್ಲಿ ಎರಡೂ ಉಂಟು: ಜಾರುವಿಕೆ ತಡೆಯುವ ‘ಫ್ಲೈಟ್ ಅಸಿಸ್ಟ್’ ಆಫ್ ಮಾಡಿದರೆ, ಮುಂದೆ ಸಾಗುತ್ತಲೇ ಮೂತಿ ಹಿಂದಕ್ಕೆ ತಿರುಗಿಸಿ ಹೊಡೆಯಬಹುದು. ಆನ್ ಇದ್ದರೆ ಥ್ರಾಟಲ್ ತನ್ನ ಮಾಪಕದ ನೀಲಿ ಪಟ್ಟಿಯೊಳಗಿರಲಿ; ತಿರುವು ಚುರುಕಾಗುವುದು ಅಲ್ಲೇ.