ಅಪ್ಪ "ನನಗೇನೂ ಆಗಿಲ್ಲ" ಅನ್ನುತ್ತಾರೆ, ಆದರೂ ಆ ಪ್ರಶ್ನಾವಳಿ ತುಂಬಬೇಕೇ?

ನಿಮ್ಮ ತಂದೆ ಸೈನ್ಯದಿಂದ ನಿವೃತ್ತರಾಗಿ ಒಂಬತ್ತು ವರ್ಷವಾಗಿದೆ. ಸೈನಿಕರು, ಮಾಜಿ ಸೈನಿಕರು ಮತ್ತು ಅವರ ಮನೆಯವರ ಕ್ಷೇಮದ ಬಗ್ಗೆ ನಡೆಯುತ್ತಿರುವ ಅಧ್ಯಯನದಿಂದ ಅವರಿಗೊಂದು, ನಿಮಗೂ ತಾಯಿಯವರಿಗೂ ಒಂದೊಂದು ಪ್ರಶ್ನಾವಳಿ ಬಂದಿದೆ. ಅಪ್ಪ "ನನಗೇನಾಗಿದೆ? ಆಗಿರುವವರು ತುಂಬಲಿ" ಅಂದು ಕಪಾಟಿನ ಮೇಲೆ ಇಟ್ಟುಬಿಟ್ಟಿದ್ದಾರೆ. ಇದರಿಂದ ಯಾರಿಗೇನು ಉಪಯೋಗ, ಪಿಂಚಣಿಗೆ ತೊಂದರೆಯಾಗುತ್ತದೆಯೇ ಅಂತ ನೀವು ಕೇಳಿದ್ದೀರಿ.

ತುಂಬಿ, ಮೂರನ್ನೂ. ಇಂಥದೇ ಒಂದು ಅಧ್ಯಯನಕ್ಕಾಗಿ ನಾನು ಆರು ವರ್ಷ ಮನೆಮನೆಗೆ ಹೋಗಿ ಸಂದರ್ಶನ ಮಾಡಿದ್ದೇನೆ. ನಮಗೆ ಅತಿ ಕಷ್ಟವಾಗಿ ಸಿಗುತ್ತಿದ್ದವರು ನಿಮ್ಮ ತಂದೆಯಂಥವರೇ. ನೋವಿರುವವರು ಮಾತ್ರ ಉತ್ತರಿಸಿದರೆ ಸೈನ್ಯಕ್ಕೆ ಹೋಗಿಬಂದವರೆಲ್ಲ ಮನಸ್ಸು ಕೆಡಿಸಿಕೊಂಡವರು ಅನ್ನುವ ಲೆಕ್ಕ ಬರುತ್ತದೆ. ಆ ಲೆಕ್ಕ ನಂಬಿ ಮಾಜಿ ಸೈನಿಕರಿಗೆ ಕೆಲಸ ಕೊಡಲು ಹಿಂಜರಿಯುವವರಿದ್ದಾರೆ. ಆರಾಮಾಗಿರುವವರು ಮಾತ್ರ ಉತ್ತರಿಸಿದರೆ ಯಾರಿಗೂ ಏನೂ ಬೇಕಾಗಿಲ್ಲ ಅಂತಾಗುತ್ತದೆ. ಎರಡೂ ಸುಳ್ಳು.

ಲಂಡನ್ನಿನ ಕಿಂಗ್ಸ್ ಕಾಲೇಜಿನ ತಂಡವೊಂದು 2003ರ ಇರಾಕ್ ಯುದ್ಧಕ್ಕೆ ಹೋದ ಬ್ರಿಟಿಷ್ ಸೈನಿಕರನ್ನು ಕೇಳಿದ ಹಾಗೆಯೇ, ಆ ಯುದ್ಧಕ್ಕೆ ಹೋಗದೆ ಉಳಿದವರನ್ನೂ ಕೇಳಿತು. 2006ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಅನೇಕರಿಗೆ ಅನಿರೀಕ್ಷಿತವಾಗಿತ್ತು. ಪೂರ್ಣಾವಧಿ ಸೈನಿಕರಲ್ಲಿ, ಹೋದವರಿಗೂ ಹೋಗದವರಿಗೂ ಮಾನಸಿಕ ಆರೋಗ್ಯದಲ್ಲಿ ಹೇಳಿಕೊಳ್ಳುವಂಥ ಅಂತರ ಇರಲಿಲ್ಲ. ಅಂತರ ಕಂಡದ್ದು ಮೀಸಲು ಪಡೆಯವರಲ್ಲಿ, ಅಂದರೆ ಬೇರೆ ಉದ್ಯೋಗದಲ್ಲಿದ್ದುಕೊಂಡು ಕರೆ ಬಂದಾಗ ಸಮವಸ್ತ್ರ ತೊಡುವವರಲ್ಲಿ. ಯಾಕೆ ಅಂತ ಹುಡುಕಿದಾಗ, ಇರಾಕಿನಲ್ಲಿ ನಡೆದದ್ದಕ್ಕಿಂತ ಮನೆಯ ಕಡೆಯ ತಾಪತ್ರಯಗಳಿಗೇ ಹೆಚ್ಚು ನಂಟಿರುವುದು ಕಾಣಿಸಿತು. ಯುದ್ಧಕ್ಕೆ ಹೋಗದೆ, ಏನೂ ಆಗದೆ ಇದ್ದವರು "ನಮಗ್ಯಾಕೆ" ಅಂತ ಕೈತೊಳೆದುಕೊಂಡಿದ್ದರೆ ಈ ಮಾತು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅದೇ ತಂಡ 2018ರಲ್ಲಿ ಇನ್ನೊಂದು ಸುತ್ತಿನ ಫಲಿತಾಂಶ ಕೊಟ್ಟಿತು. ಆಘಾತೋತ್ತರ ಒತ್ತಡದ ಕಾಯಿಲೆ, ಅಂದರೆ ಪಿಟಿಎಸ್‌ಡಿ ಇರಬಹುದಾದವರು ಒಟ್ಟಾರೆ ಶೇ 6ರಷ್ಟು. ಆದರೆ ನೇರ ಕಾಳಗದ ಹೊಣೆಯಲ್ಲಿದ್ದು ಈಗ ಸೈನ್ಯ ಬಿಟ್ಟವರಲ್ಲಿ ಶೇ 17. ಸೇವೆಯಲ್ಲಿದ್ದಾಗ ಜತೆಗಾರರಿದ್ದರು, ದಿನಕ್ಕೊಂದು ಕಟ್ಟುಪಾಡಿತ್ತು. ಅದು ಕಳಚಿದ ಮೇಲಿನ ವರ್ಷಗಳನ್ನೂ ನೋಡಬೇಕು ಅನ್ನುವುದು ಇದಕ್ಕೇ. ನಿಮ್ಮ ತಂದೆಯ ಒಂಬತ್ತನೆಯ ವರ್ಷದ ಉತ್ತರಕ್ಕೆ ಬೆಲೆ ಇರುವುದೂ ಇದಕ್ಕೇ.

ಇನ್ನು "ನನಗೇನೂ ಆಗಿಲ್ಲ" ಅನ್ನುವ ಮಾತಿಗೆ ಬರುತ್ತೇನೆ. ಬಹಳಷ್ಟು ಜನರ ವಿಷಯದಲ್ಲಿ ಅದು ನಿಜ. ನಿಮ್ಮ ತಂದೆಯ ವಿಷಯದಲ್ಲೂ ನಿಜ ಇರಬಹುದು, ಅದನ್ನು ಅನುಮಾನಿಸುವ ಹಕ್ಕು ನನಗಿಲ್ಲ. ಆದರೂ ನಾನು ಕಂಡ ಒಂದು ಸಂಗತಿ ಹೇಳಬೇಕು. ಪಿಟಿಎಸ್‌ಡಿಗೆ ಹೆಚ್ಚು ಬಳಸುವ ಪಟ್ಟಿಯಲ್ಲಿ 20 ಪ್ರಶ್ನೆಗಳಿವೆ. ಕಳೆದ ಒಂದು ತಿಂಗಳಲ್ಲಿ ಇಂಥದ್ದು ಎಷ್ಟು ಕಾಡಿತು ಅಂತ ಪ್ರತಿಯೊಂದಕ್ಕೂ 0ಯಿಂದ 4ರವರೆಗೆ ಅಂಕ ಕೊಡಬೇಕು. ಒಬ್ಬ ಮಾಜಿ ಸೈನಿಕರ ಮನೆಯಲ್ಲಿ ಕೂತಿದ್ದೆ. ಆ ದಿನಗಳನ್ನು ನೆನಪಿಸುವಂಥದ್ದು ಎದುರಾದಾಗ ಮನಸ್ಸು ಕಲಕುತ್ತದೆಯೇ? ಸೊನ್ನೆ. ಅಂಥ ಜಾಗಗಳನ್ನು ತಪ್ಪಿಸುತ್ತೀರಾ? "ತಪ್ಪಿಸೋದು ಯಾಕೆ? ನನಗೆ ಗದ್ದಲ ಇಷ್ಟ ಇಲ್ಲ, ಅಷ್ಟೇ. ಸೊನ್ನೆ ಹಾಕಿ." ಹಾಕಿದೆ. ನಿಯಮದ ಪ್ರಕಾರ ಅವರೊಬ್ಬರನ್ನೇ ಕೂರಿಸಿ ಕೇಳಬೇಕಿತ್ತು. ಅಷ್ಟರಲ್ಲಿ ಅವರ ಹೆಂಡತಿ ನೀರು ತಂದಿಟ್ಟರು. ನನ್ನ ಕಡೆ ನೋಡದೆ, ಅವರ ಕಡೆಯೂ ನೋಡದೆ, "ಮಗಳ ಶಾಲೆಯ ಕಾರ್ಯಕ್ರಮಕ್ಕೆ ನಾಲ್ಕು ವರ್ಷದಿಂದ ನಾನೊಬ್ಬಳೇ ಹೋಗ್ತಿದೀನಿ" ಅಂದು ಒಳಗೆ ಹೋದರು. ಅವರು ಲೋಟ ಎತ್ತಿಕೊಂಡರು, ಕುಡಿಯಲಿಲ್ಲ, ಕೆಳಗಿಟ್ಟರು. ಸ್ವಲ್ಪ ಹೊತ್ತಾದ ಮೇಲೆ, "ಆಗಲೇ ಕೇಳಿದ್ರಲ್ಲ, ಅದಕ್ಕೆ ಮೂರು ಹಾಕಿ" ಅಂದರು.

ಆ ಮನುಷ್ಯ ಸುಳ್ಳು ಹೇಳಿರಲಿಲ್ಲ. ಗದ್ದಲಕ್ಕೆ ಹೋಗುವುದನ್ನೇ ಬಿಟ್ಟವರಿಗೆ ಗದ್ದಲದಲ್ಲಿ ಏನೂ ಆಗುವುದಿಲ್ಲ. ಮನೆಯವರಿಗೆ ಬೇರೆ ಪ್ರಶ್ನಾವಳಿ ಕಳಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ನನಗೆ ಗೊತ್ತಿಲ್ಲ. ಹಾಗಂತ ಮನೆಯವರು ಸಾಕ್ಷಿ ಹೇಳುವುದಕ್ಕಷ್ಟೇ ಅಲ್ಲ, ಅವರಿಗೆ ಅವರದೇ ಆದ ಬದುಕಿದೆ. ಅಮೆರಿಕದಲ್ಲಿ ಸೈನಿಕರನ್ನು ವರ್ಷಗಟ್ಟಲೆ ಹಿಂಬಾಲಿಸುವ ಮಿಲೆನಿಯಮ್ ಕೊಹಾರ್ಟ್ ಅಧ್ಯಯನ ಶುರುವಾದದ್ದು 2001ರಲ್ಲಿ; ಅದರ ಕುಟುಂಬ ಅಧ್ಯಯನ ಬಂದದ್ದು 2011ರಲ್ಲಿ. ಮನೆಯವರ ಸರದಿ ಬರಲು ಹತ್ತು ವರ್ಷ ಬೇಕಾಯಿತು. ಅದಕ್ಕೂ ಎಷ್ಟೋ ಮೊದಲು, 1970ರ ದಶಕದಲ್ಲಿ, ವಿಯೆಟ್ನಾಂ ಯುದ್ಧದಲ್ಲಿ ನಾಪತ್ತೆಯಾದ ಸೈನಿಕರ ಮನೆಗಳನ್ನು ಅಮೆರಿಕದ ಸಂಶೋಧಕಿ ಪಾಲಿನ್ ಬಾಸ್ ಅಧ್ಯಯನ ಮಾಡಿದ್ದರು. ಗಂಡ ಇದ್ದಾನೋ ಇಲ್ಲವೋ ತಿಳಿಯದೆ, ಅಳಲೂ ಆಗದೆ ಕಾಯಲೂ ಆಗದೆ ಉಳಿದವರ ಸ್ಥಿತಿಗೆ 'ಅಸ್ಪಷ್ಟ ನಷ್ಟ' ಅನ್ನುವ ಅರ್ಥದ ಹೆಸರು ಕೊಟ್ಟವರು ಅವರೇ. ಎದುರಿಗೇ ಕೂತಿದ್ದರೂ ಮನಸ್ಸು ಇಲ್ಲಿಲ್ಲದವರ ಮನೆಗೂ ಆ ಮಾತು ಹೊಂದುತ್ತದೆ.

ಮಕ್ಕಳ ವಿಷಯದಲ್ಲಿ ಒಂದು ಸಮಾಧಾನದ ಸಂಗತಿಯೂ ಇದೆ. ತಂದೆ ಇರಾಕ್ ಅಥವಾ ಅಫ್ಘಾನಿಸ್ತಾನಕ್ಕೆ ಹೋಗಿದ್ದರು ಅನ್ನುವುದಕ್ಕೂ ಮಕ್ಕಳ ನಡವಳಿಕೆಯ ತೊಂದರೆಗಳಿಗೂ ನೇರ ನಂಟು ಬ್ರಿಟಿಷ್ ಅಧ್ಯಯನದಲ್ಲಿ ಕಾಣಲಿಲ್ಲ. ನಂಟು ಕಂಡದ್ದು ತಂದೆಗೆ ಪಿಟಿಎಸ್‌ಡಿ ಲಕ್ಷಣಗಳಿದ್ದಲ್ಲಿ. ಅಂದರೆ ತಂದೆಗೆ ಸರಿಯಾದ ಚಿಕಿತ್ಸೆ ಸಿಕ್ಕರೆ ಮಕ್ಕಳಿಗೂ ಒಳ್ಳೆಯದಾದೀತು ಅಂತ ಆಶಿಸಲು ಜಾಗವಿದೆ.

ಉಪಯೋಗ ಏನು ಅಂದಿರಲ್ಲ. ಬ್ರಿಟಿಷ್ ಸೈನಿಕರಲ್ಲಿ, ಮೂರು ವರ್ಷದಲ್ಲಿ 13 ತಿಂಗಳು ಅಥವಾ ಹೆಚ್ಚು ಕಾಲ ಕಾರ್ಯಾಚರಣೆಗೆಂದು ಹೊರಗಿದ್ದವರಿಗೆ ಮಾನಸಿಕ ತೊಂದರೆ ಹೆಚ್ಚು ಅಂತ 2007ರಲ್ಲಿ ತಿಳಿದದ್ದು ಇಂಥ ಪ್ರಶ್ನಾವಳಿಗಳಿಂದಲೇ. ಇಷ್ಟು ತಿಂಗಳಲ್ಲಿ ಮನೆಗೆ ಅಂತ ಹೇಳಿ, ಆಮೇಲೆ ಅವಧಿ ಮುಂದೆ ಹಾಕಿದರೆ ಅದೂ ಮನಸ್ಸಿಗೆ ಪೆಟ್ಟು ಕೊಡುತ್ತದೆ ಅನ್ನುವುದೂ ಆಗಲೇ ಹೊರಬಂತು. ಕ್ಯಾಲೆಂಡರಿನಲ್ಲಿ ದಿನ ಹೊಡೆದುಹಾಕುತ್ತಾ ಕೂತ ಯಾವ ಮನೆಗೂ ಇದು ಹೊಸ ವಿಷಯವಲ್ಲ. ಆದರೆ ಮನೆಯವರು ಹೇಳಿದರೆ ಗೊಣಗಾಟ. ಅಂಕಿ ಹೇಳಿದರೆ ಅಧಿಕಾರಿಗಳು ಕೂತು ಓದುತ್ತಾರೆ. ಯಾವುದು ಫಲ ಕೊಡುವುದಿಲ್ಲ ಅನ್ನುವುದೂ ಹೀಗೆಯೇ ತಿಳಿಯುವುದು. ಯುದ್ಧದಿಂದ ಬಂದವರನ್ನೆಲ್ಲ ತಪಾಸಣೆ ಮಾಡಿ ಸಲಹೆ ಕೊಟ್ಟರೆ ಆಯಿತು ಅಂತ ಎಲ್ಲರಿಗೂ ಅನ್ನಿಸುತ್ತದೆ. ಕಿಂಗ್ಸ್ ಕಾಲೇಜಿನ ಅದೇ ತಂಡದವರು ಸುಮಾರು ಹತ್ತು ಸಾವಿರ ಬ್ರಿಟಿಷ್ ಸೈನಿಕರ ಮೇಲೆ ಇದನ್ನು ಪರೀಕ್ಷಿಸಿ ನೋಡಿದರು. ಅದರಿಂದ ಅವರ ಮಾನಸಿಕ ಆರೋಗ್ಯ ಸುಧಾರಿಸಲಿಲ್ಲ, ಸಹಾಯ ಕೇಳಿ ಬಂದವರೂ ಹೆಚ್ಚಾಗಲಿಲ್ಲ ಅಂತ 2017ರಲ್ಲಿ ಪ್ರಕಟಿಸಿದರು. ನನಗೆ ಆ ತಂಡದ ಮೇಲೆ ಗೌರವ ಹೆಚ್ಚಿದ್ದು ಅದನ್ನು ಓದಿದ ಮೇಲೆ.

ಪಿಂಚಣಿಯ ಭಯ ಹುಚ್ಚು ಭಯವಲ್ಲ. ಹೆಸರು ಬರೆಯಬೇಕಾದ ಮಾಮೂಲಿ ತಪಾಸಣೆಯಲ್ಲಿ ಹೇಳಿದ್ದಕ್ಕಿಂತ ಹೆಸರಿಲ್ಲದ ಪ್ರಶ್ನಾವಳಿಯಲ್ಲಿ ತೊಂದರೆ ಒಪ್ಪಿಕೊಂಡವರು ಎರಡರಿಂದ ನಾಲ್ಕು ಪಟ್ಟು ಹೆಚ್ಚು ಅಂತ 2011ರ ಒಂದು ಅಮೆರಿಕನ್ ಅಧ್ಯಯನ ತೋರಿಸಿದೆ. ಹಾಗಾಗಿ ಜತೆಗೆ ಬಂದಿರುವ ಒಪ್ಪಿಗೆ ಪತ್ರವನ್ನು ಅಪ್ಪನ ಜತೆ ಕೂತು ಸಾಲುಸಾಲಾಗಿ ಓದಿ. ಹೆಸರನ್ನೂ ಉತ್ತರವನ್ನೂ ಬೇರೆ ಬೇರೆ ಇಡುತ್ತಾರೆಯೇ? ಇಲಾಖೆಗೆ ಒಬ್ಬೊಬ್ಬರ ಉತ್ತರ ಹೋಗುತ್ತದೆಯೋ, ಒಟ್ಟು ಅಂಕಿ ಮಾತ್ರವೋ? ಸಂಶೋಧನೆಯಿಂದ ಭಾಗವಹಿಸುವವರಿಗೆ ಅನ್ಯಾಯವಾಗದಂತೆ ನೋಡಿಕೊಳ್ಳುವ ನೈತಿಕ ಸಮಿತಿಯ ಅನುಮತಿ ಇದೆಯೇ? ನಡುವೆ ಬಿಡಬಹುದೇ? ಜೀವಕ್ಕೆ ಅಪಾಯ ಕಂಡರೆ ಗುಟ್ಟು ಮುರಿಯಬೇಕಾಗುತ್ತದೆ ಅಂತ ಸಾಮಾನ್ಯವಾಗಿ ಬರೆದಿರುತ್ತಾರೆ, ಅದು ಸರಿಯೇ. ಉಳಿದದ್ದಕ್ಕೆ ಪತ್ರದಲ್ಲಿ ನೇರ ಉತ್ತರ ಇಲ್ಲದಿದ್ದರೆ ಕೊಟ್ಟಿರುವ ನಂಬರಿಗೆ ಫೋನ್ ಮಾಡಿ ಕೇಳಿ. ಅಲ್ಲಿಯೂ ಹಾರಿಕೆಯ ಮಾತು ಬಂದರೆ ತುಂಬಬೇಡಿ ಅಂತ ನಾನೇ ಹೇಳುತ್ತೇನೆ.

ಅಪ್ಪ ತುಂಬುವವರೆಗೆ ನೀವು ಕಾಯಬೇಕಾಗಿಲ್ಲ. ನಿಮ್ಮದನ್ನು ನೀವು, ತಾಯಿಯವರದನ್ನು ಅವರು, ಬೇರೆ ಬೇರೆ ಕೋಣೆಯಲ್ಲಿ ಕೂತು ತುಂಬಿ, ಒಬ್ಬರದನ್ನು ಒಬ್ಬರು ನೋಡಬೇಡಿ. ಬರೆಯುವಾಗ ಹಳೆಯದೇನಾದರೂ ಎದ್ದು ಬಂದು ಯಾರಿಗಾದರೂ ನಿದ್ದೆ ಕೆಟ್ಟರೆ ಪ್ರಶ್ನಾವಳಿ ಮುಚ್ಚಿಟ್ಟು ವೈದ್ಯರನ್ನು ಕಾಣಿ. ಪ್ರಶ್ನಾವಳಿ ಚಿಕಿತ್ಸೆಯಲ್ಲ. ಅಪ್ಪನನ್ನು ಒತ್ತಾಯ ಮಾಡಬೇಡಿ. ಅದನ್ನು ಕಪಾಟಿನ ಮೇಲಿಂದ ಇಳಿಸಿ, ಒಂದು ಪೆನ್ನಿನ ಜತೆ ಅವರು ಕೂರುವ ಜಾಗದಲ್ಲಿಡಿ. ಆರಾಮಾಗಿದ್ದರೆ ಇಪ್ಪತ್ತಕ್ಕೂ ಸೊನ್ನೆ ಹಾಕಿ ಕಳಿಸಲಿ. ಆ ಸೊನ್ನೆಗಳು ನಮಗೆ ಬೇಕು.