ಡಿಸ್ನಿ ವರ್ಲ್ಡ್ ಹಾಫ್ ಮ್ಯಾರಥಾನ್: ಕತ್ತಲಲ್ಲಿ ಶುರುವಾಗುವ ಓಟಕ್ಕೆ ತಯಾರಿ ಹೇಗೆ?

ನೀವು ಕೇಳಿರುವುದು ಇಷ್ಟು: ಬೆಂಗಳೂರಿನಲ್ಲಿ 10 ಕಿ.ಮೀ. ಓಡುವ ಅಭ್ಯಾಸವಿದೆ, ಫೆಬ್ರವರಿಯಲ್ಲಿ ಫ್ಲಾರಿಡಾದ ಡಿಸ್ನಿ ವರ್ಲ್ಡ್‌ನ ಪ್ರಿನ್ಸೆಸ್ ಹಾಫ್ ಮ್ಯಾರಥಾನ್‌ಗೆ ಹೆಸರು ಕೊಟ್ಟಾಗಿದೆ, ಅದು ರಾತ್ರಿ ಓಟವಂತೆ, ಏನೇನು ತಯಾರಿ ಬೇಕು?

ಮೊದಲು ಒಂದು ಸ್ಪಷ್ಟನೆ. ನಿಜವಾದ ರಾತ್ರಿ ಓಟಗಳು ಅಲ್ಲಿ ಮುಂಚೆ ಇದ್ದವು. ವೈನ್ ಅಂಡ್ ಡೈನ್ ಹಾಫ್ 2015ರವರೆಗೆ ರಾತ್ರಿ 10ಕ್ಕೆ ಶುರುವಾಗುತ್ತಿತ್ತು, ಟವರ್ ಆಫ್ ಟೆರರ್ 10 ಮೈಲಿ ಓಟವೂ ರಾತ್ರಿಯದೇ. ಈಗ ಡಿಸ್ನಿ ವರ್ಲ್ಡ್‌ನ ಓಟಗಳು ಬೆಳಗಿನ ಜಾವ 5ಕ್ಕೆ ಹೊರಡುತ್ತವೆ. ಆದರೆ ನಿಮ್ಮ ಅನುಮಾನ ಪೂರ್ತಿ ತಪ್ಪೇನಲ್ಲ. 5ರ ಓಟಕ್ಕೆ 2ಕ್ಕೆ ಏಳಬೇಕು, 3ರ ಹೊತ್ತಿಗೆ ಬಸ್ಸಿನಲ್ಲಿರಬೇಕು, ಸೂರ್ಯ ಹುಟ್ಟುವುದು ಹತ್ತಿರ ಹತ್ತಿರ 7ಕ್ಕೆ. ದೇಹದ ಪಾಲಿಗೆ ಇದು ರಾತ್ರಿ ಓಟವೇ. 10 ಕಿ.ಮೀ. ಆರಾಮಾಗಿ ಓಡುವವರಿಗೆ 21 ಕಿ.ಮೀ. ದೊಡ್ಡ ಸಮಸ್ಯೆಯಲ್ಲ. ಅಲ್ಲಿ ಜನ ಸೋಲುವುದು ಓಟಕ್ಕೆ ಮುಂಚಿನ ಮೂರು ನಾಲ್ಕು ಗಂಟೆಗಳಲ್ಲಿ: ಅರೆನಿದ್ದೆ, ಹೊಟ್ಟೆ, ನಿಂತು ನಿಂತು ಮರಗಟ್ಟಿದ ಕಾಲು. ಹಾಗಾಗಿ ಆ ಗಂಟೆಗಳಿಗೂ ಅಭ್ಯಾಸ ಮಾಡಿ.

ಸಮಯದ ಲೆಕ್ಕ. ನಿಯಮ ಮೈಲಿಗೆ 16 ನಿಮಿಷ. ನಮ್ಮ ಲೆಕ್ಕದಲ್ಲಿ ಕಿಲೋಮೀಟರಿಗೆ 9 ನಿಮಿಷ 57 ಸೆಕೆಂಡು, ಪೂರ್ತಿ ದೂರಕ್ಕೆ ಸುಮಾರು 3 ಗಂಟೆ 30 ನಿಮಿಷ. ಗಡಿಯಾರ ಓಡುವುದು ಕಟ್ಟಕಡೆಯ ವ್ಯಕ್ತಿ ಹೊರಟ ಕ್ಷಣದಿಂದ. ಕೊನೆಯಲ್ಲಿ ಬಲೂನು ಕಟ್ಟಿಕೊಂಡು ಇದೇ ವೇಗದಲ್ಲಿ ನಡೆಯುವ ಒಂದು ಗುಂಪು ಬರುತ್ತದೆ, ಎಲ್ಲರೂ ಅವರನ್ನು 'ಬಲೂನ್ ಲೇಡೀಸ್' ಎನ್ನುತ್ತಾರೆ. ಅವರ ಹಿಂದೆ ಬಿದ್ದವರನ್ನು ಓಟದಿಂದ ತೆಗೆದು ಬಸ್ಸಿಗೆ ಹತ್ತಿಸಬಹುದು.

ಇಲ್ಲಿ ಎರಡು ಮೋಸಗಳಿವೆ. ಒಂದು, ಜನಜಂಗುಳಿಯಲ್ಲಿ ಅಡ್ಡಾದಿಡ್ಡಿ ನುಗ್ಗುವುದರಿಂದ ನಿಮ್ಮ ವಾಚಿನಲ್ಲಿ 21.1 ಬದಲು 21.5 ಕಿ.ಮೀ. ಬರುವುದು ಮಾಮೂಲು. ಅಂದರೆ ವಾಚಿನ ಪ್ರಕಾರ 9:45ಕ್ಕಿಂತ ನಿಧಾನವಾದರೆ ನೀವು ಆಗಲೇ ಹಿಂದೆ. ವಾಚನ್ನು ನಂಬಬೇಡಿ, ರಸ್ತೆ ಬದಿಯ ಮೈಲಿ ಫಲಕ ನೋಡಿ ಲೆಕ್ಕ ಹಾಕಿ. ಎರಡು, ಮಿಕ್ಕಿ ಮೌಸು, ರಾಜಕುಮಾರಿಯರ ಜೊತೆ ಫೋಟೋ ತೆಗೆಸಿಕೊಳ್ಳುವ ಸಾಲು. ಒಂದೊಂದು ಸಾಲು 2ರಿಂದ 10 ನಿಮಿಷ ತಿನ್ನುತ್ತದೆ. ನೀವು ಕಿ.ಮೀ.ಗೆ 9 ನಿಮಿಷದಂತೆ ಹೋದರೆ 10 ಕಿ.ಮೀ.ಗೆ ಉಳಿಯುವುದು ಒಂಬತ್ತೂವರೆ ನಿಮಿಷ ಮಾತ್ರ. ಆ ಉಳಿತಾಯವೇ ನಿಮ್ಮ ಫೋಟೋ ಬಜೆಟ್. ಮೊದಲ ಐದು ಕಿ.ಮೀ.ಯಲ್ಲಿ ಯಾರಿಗಾಗಿಯೂ ನಿಲ್ಲಬೇಡಿ, ಆಗ ಕೈಯಲ್ಲಿ ಏನೂ ಉಳಿದಿರುವುದಿಲ್ಲ.

ಗುಂಪುಗುಂಪಾಗಿ ಬಿಡುತ್ತಾರೆ, ಮೊದಲ ಗುಂಪಿಗೂ ಕೊನೆಯದಕ್ಕೂ ಒಂದು ಗಂಟೆಯವರೆಗೆ ಅಂತರವಿರಬಹುದು. ಹಿಂದೆ ಓಡಿದ ಅಧಿಕೃತ ಓಟದ ಸಮಯವನ್ನು ಕೊನೆಯ ದಿನಾಂಕದೊಳಗೆ ಸಲ್ಲಿಸಿದರೆ ಮುಂದಿನ ಗುಂಪು ಸಿಗುತ್ತದೆ, ಇಲ್ಲವಾದರೆ ಹಿಂದಕ್ಕೆ ತಳ್ಳುತ್ತಾರೆ. ಎಷ್ಟು ದೂರದ ಓಟದ ಸಮಯವನ್ನು ಒಪ್ಪುತ್ತಾರೆ ಎಂಬುದನ್ನು ನಿಮ್ಮ ವರ್ಷದ ನಿಯಮದಲ್ಲಿ ನೋಡಿ, ಈಗಲೇ ಬೆಂಗಳೂರಿನಲ್ಲಿ ಅಂಥದ್ದೊಂದನ್ನು ಓಡಿ ಅದರ ದಾಖಲೆ ಇಟ್ಟುಕೊಳ್ಳಿ. ಮುಂದೆ ನಿಂತವರಿಗೆ ಬಲೂನಿನವರಿಂದ ಅಷ್ಟು ನಿಮಿಷ ಹೆಚ್ಚುವರಿಯಾಗಿ ಸಿಗುತ್ತದೆ. ಇನ್ನೊಂದು ಲಾಭ: ಡಿಸ್ನಿ ವರ್ಲ್ಡ್‌ನ ಮ್ಯಾಜಿಕ್ ಕಿಂಗ್‌ಡಮ್ ಪಾರ್ಕಿನ ಅರಮನೆ ಬರುವುದು ಸುಮಾರು 9ನೇ ಕಿ.ಮೀ. ಆಸುಪಾಸಿನಲ್ಲಿ. 5:50ಕ್ಕೆ ಹೊರಟು 9 ನಿಮಿಷದ ವೇಗದಲ್ಲಿ ಹೋದರೆ ಅಲ್ಲಿಗೆ ತಲುಪುವಾಗ 7:10, ಬೆಳಕು ಹರಿದಿರುತ್ತದೆ. ದೀಪ ಹಾಕಿದ ಅರಮನೆ ನೋಡುವ ಆಸೆಯಿದ್ದರೆ ಮುಂದಿನ ಗುಂಪೇ ಬೇಕು.

ನಿದ್ದೆ. ಭಾರತದಿಂದ ಹೋಗುವವರಿಗೆ ಇಲ್ಲೊಂದು ಅನುಕೂಲವಿದೆ, ಯಾರೂ ಹೇಳುವುದಿಲ್ಲ. ಫೆಬ್ರವರಿಯಲ್ಲಿ ಅಲ್ಲಿನ ಬೆಳಗಿನ 5 ಅಂದರೆ ನಮ್ಮ ಮಧ್ಯಾಹ್ನ 3:30. ಪಶ್ಚಿಮಕ್ಕೆ ಹಾರಿದ ಮೇಲೆ ಮೊದಲ ನಾಲ್ಕೈದು ದಿನ ಬಹಳ ಜನಕ್ಕೆ ಸಂಜೆ ಕಣ್ಣು ಎಳೆಯುತ್ತದೆ, ರಾತ್ರಿ 1-2ಕ್ಕೆ ತಾನಾಗಿ ಎಚ್ಚರವಾಗುತ್ತದೆ. ಈ ಓಟಕ್ಕೆ ಬೇಕಿರುವುದೂ ಅದೇ. ಹಾಗಾಗಿ ಭಾನುವಾರದ ಓಟಕ್ಕೆ ಬುಧವಾರ ಅಥವಾ ಗುರುವಾರ ಇಳಿಯಿರಿ. 'ಅಲ್ಲಿನ ಸಮಯಕ್ಕೆ ಹೊಂದಿಕೊಳ್ಳಬೇಕು' ಎಂದು ರಾತ್ರಿ 10ರವರೆಗೆ ಕಣ್ಣು ಬಿಟ್ಟುಕೊಂಡು ಕೂರಬೇಡಿ. ಸಂಜೆ 6ಕ್ಕೆ ಪರದೆ ಎಳೆದು ಮಲಗಿ. ಹತ್ತು ದಿನ ಮುಂಚೆ ಹೋಗಿ ಪೂರ್ತಿ ಹೊಂದಿಕೊಂಡರೆ ಆಮೇಲೆ ಮತ್ತೆ ನಿದ್ದೆಯನ್ನು ಹಿಂದಕ್ಕೆ ಎಳೆಯುವ ಕೆಲಸ ಬೀಳುತ್ತದೆ.

ಇದನ್ನು ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮವರು ಓದುತ್ತಿದ್ದರೆ, ಎಲ್ಲರಿಗಿಂತ ಕಷ್ಟ ನಿಮಗೇ. ಫ್ಲಾರಿಡಾದಲ್ಲಿ 2ಕ್ಕೆ ಏಳುವುದೆಂದರೆ ನಿಮ್ಮ ರಾತ್ರಿ 11. ಹನ್ನೆರಡು ದಿನ ಮುಂಚಿನಿಂದ ಎರಡು ದಿನಕ್ಕೊಮ್ಮೆ ಅರ್ಧ ಗಂಟೆಯಂತೆ ಮಲಗುವ ಹೊತ್ತನ್ನು ಹಿಂದಕ್ಕೆ ತನ್ನಿ, ಮೂರು ಗಂಟೆ ಸರಿದಿರುತ್ತದೆ. ಎದ್ದ ಕೂಡಲೇ ಜೋರು ಬೆಳಕು ಹಾಕಿಕೊಳ್ಳಿ.

ಯಾರೇ ಆಗಲಿ, ಕೊನೆಯ ರಾತ್ರಿ ಸರಿಯಾಗಿ ನಿದ್ದೆ ಬರುವುದಿಲ್ಲ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಅದರ ಹಿಂದಿನ ರಾತ್ರಿಯ ನಿದ್ದೆ ಮುಖ್ಯ. ಹೊಸ ನಿದ್ದೆ ಮಾತ್ರೆಯ ಪ್ರಯೋಗವಂತೂ ಆ ರಾತ್ರಿ ಬೇಡ.

ಹೊಟ್ಟೆ. ಹಿಂದಿನ ದಿನದ ಊಟ ಸಂಜೆ 5ರೊಳಗೆ ಮುಗಿಯಲಿ. ಅನ್ನ, ತೆಳು ಸಾರು, ಮೊಸರು, ಅಥವಾ ಸಾದಾ ಪಾಸ್ತಾ. ಕಾಳು, ಸೊಪ್ಪು, ರಾಗಿ, ಕರಿದದ್ದು, ಖಾರ ಬೇಡ. ನಾರು ಹೆಚ್ಚಾದರೆ ಬೆಳಗ್ಗೆ ಓಟದ ನಡುವೆ ಅದು ಲೆಕ್ಕ ಕೇಳುತ್ತದೆ.

ಬೆಳಗಿನ 2:30ಕ್ಕೆ 60ರಿಂದ 80 ಗ್ರಾಂ ಕಾರ್ಬೋಹೈಡ್ರೇಟ್: ಎರಡು ಬಿಳಿ ಬ್ರೆಡ್ಡು, ಒಂದು ಚಮಚ ಜಾಮು, ಒಂದು ಬಾಳೆಹಣ್ಣು ಸೇರಿದರೆ ಸುಮಾರು 68 ಗ್ರಾಂ. ಜೊತೆಗೆ 300-400 ಮಿ.ಲೀ. ನೀರು. ಬಾಳೆಹಣ್ಣನ್ನು ಇಲ್ಲಿಂದ ಒಯ್ಯಬೇಡಿ, ವಿಮಾನ ನಿಲ್ದಾಣದಲ್ಲಿ ಹಣ್ಣು ಒಳಗೆ ಬಿಡುವುದಿಲ್ಲ, ಅಲ್ಲೇ ಕೊಳ್ಳಿ. ಡಿಸ್ನಿ ಹೋಟೆಲ್ ಕೋಣೆಯಲ್ಲಿ ಫ್ರಿಡ್ಜ್, ಕಾಫಿ ಮಾಡುವ ಯಂತ್ರ ಇರುತ್ತದೆ, ಮೈಕ್ರೋವೇವ್ ಸಾಮಾನ್ಯವಾಗಿ ಇರುವುದಿಲ್ಲ. ಆ ಹೊತ್ತಿನಲ್ಲಿ ಯಾವ ಕ್ಯಾಂಟೀನೂ ನಂಬಿಕೆಗಲ್ಲ.

ತಿಂದು ಎರಡೂವರೆ ಮೂರು ಗಂಟೆಯಾದ ಮೇಲೆ ನಿಮ್ಮ ಓಟ ಶುರು, ಅಷ್ಟರಲ್ಲಿ ಮತ್ತೆ ಹಸಿವು. ಹೊರಡುವ 20 ನಿಮಿಷ ಮುಂಚೆ ಒಂದು ಎನರ್ಜಿ ಜೆಲ್ (ಪೊಟ್ಟಣದಲ್ಲಿ ಬರುವ ಸಕ್ಕರೆ ಪಾಕ) ಅಥವಾ ಮೂರ್ನಾಲ್ಕು ಸಣ್ಣ ಖರ್ಜೂರ. ಓಡುವಾಗ ಗಂಟೆಗೆ 30ರಿಂದ 60 ಗ್ರಾಂ, ಅಂದರೆ 35-40 ನಿಮಿಷಕ್ಕೊಂದು ಜೆಲ್. ನೀರಿನ ಜಾಗಗಳಲ್ಲಿ ಪವರೇಡ್ ಎಂಬ ಸಕ್ಕರೆ-ಉಪ್ಪಿನ ಪಾನೀಯ ಕೊಡುತ್ತಾರೆ. ಅದು ಹೊಟ್ಟೆಗೆ ಹೊಂದುತ್ತದೋ ಇಲ್ಲವೋ ಅಭ್ಯಾಸದಲ್ಲೇ ನೋಡಿಕೊಳ್ಳಬೇಕು. ಇಲ್ಲಿ ಸಿಗದಿದ್ದರೆ ನೀರಿನ ಜೊತೆ ನಿಮ್ಮದೇ ಜೆಲ್ ಇಟ್ಟುಕೊಳ್ಳಿ. ಕಾಫಿ ಕುಡಿದೇ ಓಡುವವರಾದರೆ ಹೊರಡುವುದಕ್ಕೆ ಒಂದು ಗಂಟೆ ಮುಂಚೆ ಕುಡಿಯಿರಿ, 2:30ಕ್ಕೇ ಕುಡಿದರೆ ಅದರ ಜೋರೆಲ್ಲ ಕಾಯುವುದರಲ್ಲೇ ಮುಗಿಯುತ್ತದೆ.

ಕಾಯುವುದು. ಬಸ್ಸಿಳಿದು ಡಿಸ್ನಿ ವರ್ಲ್ಡ್‌ನ ಇನ್ನೊಂದು ಪಾರ್ಕಾದ ಎಪ್ಕಾಟ್‌ನ ಪಾರ್ಕಿಂಗ್‌ನಿಂದ ನಿಮ್ಮ ಕೊರಾಲ್, ಅಂದರೆ ನಿಮ್ಮ ಗುಂಪು ನಿಲ್ಲುವ ಕಟಕಟೆ, ತಲುಪಲು ಚೆನ್ನಾಗಿ ನಡೆಯಬೇಕು. ಆಮೇಲೆ ಒಂದೂವರೆ ಎರಡು ಗಂಟೆ ಕಾಯಬೇಕು. ಡಾಂಬರಿನ ಮೇಲೆ ನಿಂತೇ ಇದ್ದರೆ ಸೊಂಟ, ಮೀನಖಂಡ ಬಿಗಿಯುತ್ತವೆ. ಒಂದು ದೊಡ್ಡ ಕಸದ ಚೀಲ ತನ್ನಿ: ಹಾಸಿ ಕೂರಬಹುದು, ಮಳೆ ಬಂದರೆ ತೂತು ಮಾಡಿ ತೊಡಬಹುದು. ಎಸೆಯಲು ಬೇಸರವಾಗದ ಹಳೆಯ ಸ್ವೆಟರ್ ಒಂದನ್ನು ಮೇಲೆ ಹಾಕಿಕೊಂಡಿರಿ. ಫೆಬ್ರವರಿಯ ಬೆಳಗಿನ ಜಾವ ಒಂದು ವರ್ಷ 5 ಡಿಗ್ರಿ, ಇನ್ನೊಂದು ವರ್ಷ 20 ಡಿಗ್ರಿ ಮತ್ತು ಮೈಯೆಲ್ಲ ಅಂಟಂಟು. ಎರಡಕ್ಕೂ ಬಟ್ಟೆ ಇರಲಿ.

ಶೌಚಕ್ಕೆ ಕೊರಾಲ್ ಸೇರುವ ಮುಂಚೆಯೇ ಹೋಗಿ. ಹೊರಡುವ 15 ನಿಮಿಷ ಮುಂಚೆ ಎದ್ದು 20 ಸಲ ಹಿಮ್ಮಡಿ ಎತ್ತಿ ಇಳಿಸಿ, ಒಂದೊಂದು ಕಾಲನ್ನು ಹಿಂದೆ ಮುಂದೆ ಹತ್ತು ಸಲ ಬೀಸಿ. ಮೊದಲ ಎರಡು ಕಿ.ಮೀ. ಮಾಮೂಲಿಗಿಂತ 20 ಸೆಕೆಂಡು ನಿಧಾನ ಹೋಗಿ.

ಕತ್ತಲೆ. ಹಾದಿಯಲ್ಲಿ ಅಲ್ಲಲ್ಲಿ ದೊಡ್ಡ ಕಂಬದೀಪಗಳಿರುತ್ತವೆ. ಸಮಸ್ಯೆ ಅವುಗಳಿಂದಲೇ: ಜೋರು ಬೆಳಕಿನಿಂದ ಹೊರಬಂದ ತಕ್ಷಣ ಕಣ್ಣಿಗೆ ಏನೂ ಕಾಣದು, ಸರಿಯಾಗಲು ಕೆಲವು ನಿಮಿಷ ಬೇಕು. ಕಾಲಿಗೆ ಸಿಗುವುದು ರಸ್ತೆ ಗೆರೆಯ ಮೇಲಿನ ಮಿನುಗು ಗುಬುಟುಗಳು, ಕೇಬಲ್ ಮೇಲೆ ಹಾಸಿದ ಉಬ್ಬುಪಟ್ಟಿ, ಮ್ಯಾಜಿಕ್ ಕಿಂಗ್‌ಡಮ್ ಒಳಗಿನ ಮೇನ್ ಸ್ಟ್ರೀಟಿನ ಟ್ರಾಮ್ ಹಳಿ. ಮಂಜು ಬಿದ್ದಿದ್ದರೆ ಹಳಿ ಜಾರುತ್ತದೆ, ಅಡ್ಡಲಾಗಿ ದಾಟಿ. ಅಂಚಿನ ಹುಲ್ಲಿಗೆ ಇಳಿದು ಮುಂದೆ ಹೋಗಲು ನೋಡಬೇಡಿ, ಪಾದ ಉಳುಕುವುದು ಹೆಚ್ಚಾಗಿ ಅಲ್ಲೇ. 100-200 ಲುಮೆನ್‌ನ ತಲೆದೀಪ ಸಾಕು, ನಾಲ್ಕೈದು ಮೀಟರ್ ಮುಂದಿನ ನೆಲಕ್ಕೆ ತಿರುಗಿಸಿ, ಜನರ ನಡುವೆ ಮಂದ ಮಾಡಿ.

ಊರಿನ ಅಭ್ಯಾಸಕ್ಕೆ ಬೇರೆ ಜಾಗ್ರತೆ. ನಸುಕಿನಲ್ಲಿ ಕೆರೆ, ಪಾರ್ಕುಗಳ ಗೇಟು ತೆಗೆದಿರುವುದಿಲ್ಲ, ನಾಯಿಗಳು ಎದ್ದಿರುತ್ತವೆ, ಚರಂಡಿಯ ಕಲ್ಲು ಎಲ್ಲಿ ಬಾಯಿ ಬಿಟ್ಟಿದೆಯೋ ಹೇಳಲಾಗದು. ಬೀದಿದೀಪ ಇರುವ ಒಂದು ಕಿ.ಮೀ. ಸುತ್ತನ್ನೇ ಆರಿಸಿಕೊಂಡು ಇಬ್ಬರು ಓಡಿ. ಗಿಳಿಹಸಿರು ಟೀಶರ್ಟು ಹಗಲಿಗೆ ಸರಿ, ಕತ್ತಲಲ್ಲಿ ಪ್ರಯೋಜನವಿಲ್ಲ. ವಾಹನದ ಬೆಳಕನ್ನು ಹಿಂದಿರುಗಿಸುವ ಪಟ್ಟಿ ಬೇಕು, ಅದೂ ಕಣಕಾಲಿಗೆ. ಅಲುಗಾಡುವ ಬೆಳಕು ಚಾಲಕನ ಕಣ್ಣಿಗೆ ಬೇಗ ಬೀಳುತ್ತದೆ.

ಅಭ್ಯಾಸ. ವಾರಕ್ಕೆ ಮೂರು ಓಟ, ಹನ್ನೆರಡು ವಾರ ಸಾಕು. ಎರಡು ದಿನ 5-7 ಕಿ.ಮೀ., ವಾರಾಂತ್ಯಕ್ಕೆ ಉದ್ದ ಓಟ 10ರಿಂದ ಶುರುಮಾಡಿ 18-19ರವರೆಗೆ. ಪ್ರತಿ ನಾಲ್ಕನೇ ವಾರ ದೂರ ಇಳಿಸಿ. ಓಡು-ನಡೆ ವಿಧಾನಕ್ಕೆ ನಾಚಿಕೆ ಬೇಡ. ಅದನ್ನು ಜನಪ್ರಿಯಗೊಳಿಸಿದ ಜೆಫ್ ಗ್ಯಾಲೋವೇ 1972ರ ಒಲಿಂಪಿಕ್ಸ್‌ನಲ್ಲಿ ಓಡಿದವರು. ಡಿಸ್ನಿ ಓಟಗಳ ತರಬೇತಿ ಪಟ್ಟಿಗಳು ಅದೇ ವಿಧಾನದವು. ಒಂದು ನಿಮಿಷ ಓಟ, ಅರ್ಧ ನಿಮಿಷ ನಡಿಗೆ ಎಂದು ಮೊದಲಿನಿಂದಲೇ ಮಾಡಿ, ಸುಸ್ತಾದ ಮೇಲೆ ನಡೆಯುವುದು ಬೇರೆ ಮಾತು. ಅಲ್ಲಿ ನಡೆಯುವ ಮುಂಚೆ ಕೈ ಎತ್ತಿ ಬಲಕ್ಕೆ ಸರಿಯಿರಿ, ಇಲ್ಲದಿದ್ದರೆ ಹಿಂದಿನವರು ಬಂದು ಡಿಕ್ಕಿ ಹೊಡೆಯುತ್ತಾರೆ.

ಕೊನೆಯ ಭಾಗದಲ್ಲಿ ಹೆದ್ದಾರಿಯ ಏರುಸೇತುವೆಗಳು ಬರುತ್ತವೆ, ತಿರುವಿನಲ್ಲಿ ರಸ್ತೆ ಒಂದು ಕಡೆಗೆ ವಾಲಿರುತ್ತದೆ. ಬೆಂಗಳೂರಿನ ಏರಿಳಿತದಲ್ಲಿ ಓಡಿದವರಿಗೆ ಏರು ಏನೂ ಅಲ್ಲ. ವಾಲಿದ ರಸ್ತೆ ಮಾತ್ರ ಮಂಡಿ ನೋಯಿಸುತ್ತದೆ, ಆದಷ್ಟು ಸಮತಟ್ಟಾದ ಕಡೆ ಹಿಡಿಯಿರಿ. ಬೆಂಗಳೂರಿನ ಒಣ ತಂಪಿನ ಅಭ್ಯಾಸ ಕೈಕೊಡುವುದು ತೇವದ ಬೆಳಗಿನಲ್ಲಿ. ಬೆವರು ಆರುವುದಿಲ್ಲ, ಮೈ ಬಿಸಿ ಇಳಿಯುವುದಿಲ್ಲ, ಅಂಥ ದಿನ ಕಿ.ಮೀ.ಗೆ 15-20 ಸೆಕೆಂಡು ಬಿಟ್ಟುಕೊಡಿ. ಮಂಗಳೂರು ಕಡೆ ನೆಂಟರಿದ್ದರೆ ಒಂದು ಉದ್ದ ಓಟ ಅಲ್ಲಿ ಮುಗಿಸಿ.

ಇದೆಲ್ಲದರ ಮೇಲೆ ಎರಡು ಪೂರ್ಣ ತಾಲೀಮು: ಸಂಜೆ 7ಕ್ಕೆ ನಿದ್ದೆ, 2ಕ್ಕೆ ಏಳುವುದು, 2:30ಕ್ಕೆ ಅದೇ ತಿಂಡಿ, ಒಂದೂವರೆ ಗಂಟೆ ನಿಂತು ಕೂತು ಕಾಯುವುದು, 5ಕ್ಕೆ ಅದೇ ಬೂಟು, ಅದೇ ವೇಷದಲ್ಲಿ 12-14 ಕಿ.ಮೀ. ಮನೆಯವರು ನಗುತ್ತಾರೆ, ನಗಲಿ. ವೇಷ ಹಾಕುವುದಾದರೆ ಉಜ್ಜುವ ಜಾಗಗಳೆಲ್ಲ ಅಂದೇ ಗೊತ್ತಾಗುತ್ತವೆ, ಅಲ್ಲಿಗೆ ವ್ಯಾಸಲೀನು. ನೆಲಕ್ಕೆ ತಾಗುವ ಉಡುಪು, ದೊಡ್ಡವರಿಗೆ ಮುಖವಾಡ, ಎರಡಕ್ಕೂ ಅನುಮತಿಯಿಲ್ಲ. ಹತ್ತಿ ಬಟ್ಟೆ ಬೇಡ.

ಕಾಗದಪತ್ರ. ಬಿಬ್, ಅಂದರೆ ಎದೆಗೆ ಸಿಕ್ಕಿಸಿಕೊಳ್ಳುವ ನಂಬರಿನ ಹಾಳೆ, ಕೊಡುವುದು ಓಟದ ಮುಂಚಿನ ದಿನಗಳಲ್ಲಿ, ಡಿಸ್ನಿ ವರ್ಲ್ಡ್‌ನ ಕ್ರೀಡಾ ಸಂಕೀರ್ಣವಾದ ಇಎಸ್‌ಪಿಎನ್ ವೈಡ್ ವರ್ಲ್ಡ್ ಆಫ್ ಸ್ಪೋರ್ಟ್ಸ್‌ನಲ್ಲಿ. ನೀವೇ ಪಾಸ್‌ಪೋರ್ಟ್ ಹಿಡಿದು ಹೋಗಬೇಕು, ಓಟದ ಬೆಳಗ್ಗೆ ಸಿಗುವುದಿಲ್ಲ. ವಿಮಾನ ತಡವಾದರೂ ಒಂದು ದಿನ ಕೈಯಲ್ಲಿರುವಂತೆ ಟಿಕೆಟ್ ಮಾಡಿ. ಸಾಮಾನು ಇಡಲು ಅವರು ಕೊಡುವ ಪಾರದರ್ಶಕ ಚೀಲ ಮಾತ್ರ ನಡೆಯುತ್ತದೆ, ಅದರಲ್ಲಿ ಒಣ ಟೀಶರ್ಟು, ಚಪ್ಪಲಿ ಇಡಿ. ಗುಡುಗು ಮಿಂಚು ಬಂದರೆ ಓಟ ನಿಲ್ಲಿಸುತ್ತಾರೆ: 2015ರ ನವೆಂಬರ್‌ನಲ್ಲಿ ಹಾಫ್ ಅನ್ನು ಅರ್ಧದಷ್ಟಕ್ಕೆ ಇಳಿಸಿದರು, 2017ರ ಜನವರಿಯಲ್ಲಿ ರದ್ದೇ ಮಾಡಿದರು. ಅದಕ್ಕೆ ನೀವು ಮಾಡುವಂಥದ್ದೇನೂ ಇಲ್ಲ.

ಶನಿವಾರದ 10 ಕಿ.ಮೀ.ಯನ್ನೂ ಸೇರಿಸಿ ಎರಡೂ ಓಡುವ ಚಾಲೆಂಜ್ ತೆಗೆದುಕೊಳ್ಳಲೇ ಎಂದು ಕೊನೆಯಲ್ಲಿ ಕೇಳಿದ್ದೀರಿ. ಮೊದಲ ಸಲಕ್ಕೆ ಬೇಡ ಎನ್ನುತ್ತೇನೆ. ಹೆಚ್ಚುವರಿ 10 ಕಿ.ಮೀ. ನಿಮ್ಮ ಕಾಲಿಗೆ ಭಾರವಲ್ಲ, ಎರಡು ರಾತ್ರಿ ಸಾಲಾಗಿ 2ಕ್ಕೆ ಏಳುವುದು ಭಾರ. ಜೊತೆಗೆ ಶನಿವಾರ ಓಟ ಮುಗಿಸಿ ಮಕ್ಕಳೊಂದಿಗೆ ಪಾರ್ಕು ಸುತ್ತಿದರೆ ಇನ್ನೊಂದು 15 ಕಿ.ಮೀ. ನಡಿಗೆ ಬೀಳುತ್ತದೆ. ಪಾರ್ಕಿನ ಟಿಕೆಟನ್ನು ಸೋಮವಾರದಿಂದ ತೆಗೆದುಕೊಳ್ಳಿ.